ಶಿಕ್ಷಕರ ಸಹಕಲಿಕಾ ಬಳಗ: ಸ್ಥಾಪನೆ ಮತ್ತು ಪೋಷಣೆ

ಉದ್ದೇಶಗಳು

ಈ ಪಾಠದ ಅಧ್ಯಯನದ ನಂತರ ಶಿಕ್ಷಕರು:
1. ಸಹಕಲಿಕಾ ಬಳಗದ ಸ್ವರೂಪವನ್ನು ವಿವರಿಸುವರು.
2. ಕನ್ನಡ ಮಾಧ್ಯಮದ ಶಾಲೆಗಳಿಗೆ ಅದರ ಅವಶ್ಯಕತೆ ಏಕೆ ಹೆಚ್ಚು ಎಂಬುದನ್ನು ಗುರುತಿಸುವರು.
3. ತಮ್ಮ ಪರಿಸರದಲ್ಲಿ ಇಂಥ ಬಳಗವನ್ನು ಆರಂಭಿಸಿ, ಅದು ನಿಲ್ಲದಂತೆ ನಡೆಸುವ ಕ್ರಮವನ್ನು ಯೋಜಿಸುವರು.

ಪ್ರಸ್ತಾವನೆ

ಹೋಟಗಿಯು ಎರಡು ರೈಲು ಮಾರ್ಗಗಳು ಕೂಡುವ ಜಂಕ್ಷನ್. ಗದಗ–ವಿಜಯಪುರದ ಕಡೆಯ ಮಾರ್ಗವೂ ವಾಡಿ–ಕಲಬುರ್ಗಿಯ ಕಡೆಯ ಮಾರ್ಗವೂ ಇಲ್ಲಿ ಸೇರಿ ಸೊಲ್ಲಾಪುರದತ್ತ ಸಾಗುತ್ತವೆ. ಭಾಷೆಗಳೂ ಇಲ್ಲಿ ಹಾಗೆಯೇ ಕೂಡುತ್ತವೆ. ದಕ್ಷಿಣ ಸೊಲ್ಲಾಪುರ ಮತ್ತು ಅಕ್ಕಲಕೋಟೆ ತಾಲೂಕುಗಳ ಅನೇಕ ಮಕ್ಕಳು ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುತ್ತ ಬೆಳೆಯುತ್ತಾರೆ. ಈ ಮಕ್ಕಳಿಗೆ ಕಲಿಸುವ ಶಿಕ್ಷಕರು ಪ್ರತಿನಿತ್ಯ ಎದುರಿಸುವ ಪ್ರಶ್ನೆಗಳಲ್ಲಿ ಕೆಲವಕ್ಕೆ ಬೆಂಗಳೂರಿನ ಕೈಪಿಡಿಯಲ್ಲಾಗಲಿ ಪುಣೆಯ ತರಬೇತಿಯಲ್ಲಾಗಲಿ ಸಿದ್ಧ ಉತ್ತರವಿರುವುದಿಲ್ಲ. ಉತ್ತರ ಇರುವುದು ಪಕ್ಕದೂರಿನ ಶಿಕ್ಷಕರ ಅನುಭವದಲ್ಲಿ. ಆ ಅನುಭವ ಹಂಚಿಕೆಯಾಗದಿದ್ದರೆ, ಒಬ್ಬ ಶಿಕ್ಷಕಿ ಮೂವತ್ತು ವರ್ಷಗಳಲ್ಲಿ ಗಳಿಸಿದ ಅರಿವು ಆಕೆಯ ನಿವೃತ್ತಿಯ ದಿನವೇ ಶಾಲೆಯಿಂದ ಹೊರಟುಹೋಗುತ್ತದೆ.

ಸಹಕಲಿಕಾ ಬಳಗ ಎಂದರೇನು?

ಒಂದೇ ಬಗೆಯ ಕೆಲಸ ಮಾಡುವವರು, ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವ ಬಗೆಯನ್ನು ಪರಸ್ಪರರಿಂದ ಕಲಿಯುವುದಕ್ಕಾಗಿ ನಿಯಮಿತವಾಗಿ ಕೂಡುವ ಗುಂಪೇ ಸಹಕಲಿಕಾ ಬಳಗ. ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಎಂಬ ವಿದ್ವಾಂಸರು 1991ರಲ್ಲಿ ಈ ವಿಚಾರವನ್ನು ಶಾಸ್ತ್ರೀಯವಾಗಿ ಮಂಡಿಸಿದರು. ಅವರು ಆಧಾರವಾಗಿಟ್ಟುಕೊಂಡ ಉದಾಹರಣೆಗಳಲ್ಲಿ ಆಫ್ರಿಕದ ಲೈಬೀರಿಯಾದ ದರ್ಜಿಗಳದೂ ಒಂದು. ಅಲ್ಲಿ ಹೊಸಬನು ಮೊದಲು ಗುಂಡಿ ಹಾಕುವುದು, ಅಂಚು ಹೊಲಿಯುವುದು ಮುಂತಾದ ಕೊನೆಯ ಹಂತದ ಕೆಲಸಗಳನ್ನು ಮಾಡುತ್ತಾನೆ. ಬಟ್ಟೆ ಕತ್ತರಿಸುವುದನ್ನು ಅನಂತರ ಕಲಿಯುತ್ತಾನೆ. ಪ್ರತ್ಯೇಕ ಬೋಧನೆ ಕಡಿಮೆ. ಬಲ್ಲವರ ನಡುವೆ ಕುಳಿತು ಕೆಲಸ ಮಾಡುವುದೇ ಅಲ್ಲಿ ಕಲಿಕೆ.

ಜೂಲಿಯನ್ ಆರ್ ಎಂಬ ಸಂಶೋಧಕರು ಝೆರಾಕ್ಸ್ ಯಂತ್ರಗಳ ದುರಸ್ತಿಗಾರರನ್ನು ಅಭ್ಯಸಿಸಿದಾಗಲೂ ಇಂಥದೇ ಸಂಗತಿ ಕಂಡುಬಂತು. ಕಂಪನಿಯ ಕೈಪಿಡಿಯಿಂದ ಬಗೆಹರಿಯದ ದೋಷಗಳನ್ನು ಅವರು ಊಟ, ಚಹದ ವೇಳೆಯಲ್ಲಿ ಹೇಳಿಕೊಳ್ಳುತ್ತಿದ್ದ ಕಥೆಗಳ ಸಹಾಯದಿಂದ ಬಗೆಹರಿಸುತ್ತಿದ್ದರು. ಬಿಡುವಿನ ಮಾತೆಂದು ತೋರುವುದೇ ಆ ವೃತ್ತಿಯ ಜ್ಞಾನಭಂಡಾರವಾಗಿತ್ತು.

ನಮಗೆ ಅವಶ್ಯಕತೆ ಏಕೆ ಹೆಚ್ಚು?

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ, 1ರಿಂದ 5ನೆಯ ಇಯತ್ತೆಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಇಬ್ಬರೇ ಇರುವ ಶಾಲೆಯಲ್ಲಿ ಸಮಾಲೋಚನೆಗೆ ಅವಕಾಶ ಕಡಿಮೆ. ಕೇಂದ್ರದ ಶಿಕ್ಷಣ ಪರಿಷತ್ತಿಗೆ ಹೋದರೆ ಅಲ್ಲಿನ ಚರ್ಚೆ ಸಹಜವಾಗಿಯೇ ಮರಾಠಿಯಲ್ಲಿ, ಬಹುಸಂಖ್ಯಾತ ಶಾಲೆಗಳ ಸಮಸ್ಯೆಗಳ ಸುತ್ತ ನಡೆಯುತ್ತದೆ. ಅಲ್ಲಿ ಕಲಿತುದನ್ನು ಕನ್ನಡದ ತರಗತಿಗೆ ಒಗ್ಗಿಸುವ ಹೊಣೆ ಪ್ರತಿಯೊಬ್ಬ ಶಿಕ್ಷಕರ ಮೇಲೆ ಒಂಟಿಯಾಗಿ ಬೀಳುತ್ತದೆ. ಒಂದೇ ಕೆಲಸವನ್ನು ಹತ್ತು ಶಾಲೆಗಳಲ್ಲಿ ಹತ್ತು ಜನ ಮಾಡುತ್ತಾರೆ. ಒಬ್ಬರಿಗೆ ದೊರೆತ ಪರಿಹಾರ ಇನ್ನೊಬ್ಬರಿಗೆ ತಿಳಿಯುವುದಿಲ್ಲ. ಆದ್ದರಿಂದ ನಮ್ಮ ಬಳಗವು ಒಂದು ಶಾಲೆಯ ಗೋಡೆಗಳೊಳಗೆ ನಿಲ್ಲದೆ, ನೆರೆಯ ಕನ್ನಡ ಶಾಲೆಗಳನ್ನು ಒಳಗೊಳ್ಳಬೇಕು.

ಒಂದು ಉದಾಹರಣೆಯನ್ನು ನೋಡೋಣ. ಮರಾಠಿ ಬರೆಯುವ ದೇವನಾಗರಿ ಲಿಪಿಯಲ್ಲಿ ಹ್ರಸ್ವ ಎ, ಒ ಸ್ವರಗಳಿಗೆ ಪ್ರತ್ಯೇಕ ಚಿಹ್ನೆಗಳಿಲ್ಲ. ಕನ್ನಡದಲ್ಲಿ ಎ–ಏ, ಒ–ಓ ಭೇದವು ಅರ್ಥವನ್ನೇ ಬದಲಿಸುತ್ತದೆ: ಬೆಳೆ–ಬೇಳೆ, ಕೊಡು–ಕೋಡು. ಎರಡೂ ಲಿಪಿಗಳನ್ನು ಕಲಿಯುವ ಮಗು ಇಲ್ಲಿ ತಪ್ಪುವುದು ಅಲಕ್ಷ್ಯದಿಂದಲೇ ಎನ್ನಲಾಗದು. ಎರಡು ವ್ಯವಸ್ಥೆಗಳ ನಡುವಿನ ಅಂತರವೂ ಕಾರಣವಿರಬಹುದು. ಇದನ್ನು ಒಬ್ಬ ಶಿಕ್ಷಕರು ಬಳಗದಲ್ಲಿ ಹೇಳಿದರೆ, ಇನ್ನೊಬ್ಬರು ತಾವು ಆಡಿಸಿದ ಜೋಡಿಪದಗಳ ಆಟವನ್ನು ಮುಂದಿಡಬಹುದು. ಮತ್ತೊಬ್ಬರು ಮಕ್ಕಳ ಬರಹದ ಮಾದರಿಗಳನ್ನು ತರಬಹುದು. ‘ಮಕ್ಕಳಿಗೆ ಕಾಗುಣಿತ ಬರುವುದಿಲ್ಲ’ ಎಂಬ ದೂರು ‘ಯಾವ ಸ್ವರ, ಯಾವ ಕಾರಣ, ಯಾವ ಅಭ್ಯಾಸ’ ಎಂಬ ಅಧ್ಯಯನವಾಗಿ ಮಾರ್ಪಡುತ್ತದೆ.

ಹೆಗ್ಗಡದೇವನಕೋಟೆಯ ನಿದರ್ಶನ

ಶಿಕ್ಷಕರೇ ಕೂಡಿ ಬೋಧನಾಕ್ರಮವನ್ನು ರೂಪಿಸಿದ ಕನ್ನಡದ ಪ್ರಸಿದ್ಧ ನಿದರ್ಶನ ‘ನಲಿ–ಕಲಿ’. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಸರ್ಕಾರಿ ಶಾಲಾ ಶಿಕ್ಷಕರ ತಂಡವೊಂದು 1995ರಲ್ಲಿ ಆಂಧ್ರಪ್ರದೇಶದ ಋಷಿವ್ಯಾಲಿಗೆ ಭೇಟಿ ನೀಡಿ, ಅಲ್ಲಿನ ಗ್ರಾಮೀಣ ಶಾಲೆಗಳ ಬಹುವರ್ಗ ಬೋಧನೆಯನ್ನೂ ಕಲಿಕಾ ಕಾರ್ಡುಗಳನ್ನೂ ನೋಡಿತು. ಮರಳಿದ ಶಿಕ್ಷಕರು ಆ ಕ್ರಮವನ್ನು ತಮ್ಮ ಮಕ್ಕಳ ಭಾಷೆಗೂ ಪರಿಸರಕ್ಕೂ ಒಗ್ಗಿಸಿಕೊಂಡರು. ಯುನಿಸೆಫ್ ಸಂಸ್ಥೆಯ ನೆರವೂ ಇತ್ತು. 2009–10ರಲ್ಲಿ ಈ ಕ್ರಮವು ಕರ್ನಾಟಕದ ಕನ್ನಡ ಮಾಧ್ಯಮದ ಸರ್ಕಾರಿ ಪ್ರಾಥಮಿಕ ಶಾಲೆಗಳ 1 ಮತ್ತು 2ನೆಯ ತರಗತಿಗಳಿಗೆ ವಿಸ್ತರಿಸಿತು.

ಈ ನಿದರ್ಶನದಿಂದ ಎರಡು ಅಂಶಗಳನ್ನು ಗ್ರಹಿಸಬೇಕು. ಮೊದಲನೆಯದು: ಒಂದು ತಾಲೂಕಿನ ಶಿಕ್ಷಕರ ಆಲೋಚನೆ ಇಡೀ ರಾಜ್ಯಕ್ಕೆ ಉಪಯುಕ್ತವಾಗಬಲ್ಲದು. ಎರಡನೆಯದು: ಕಾರ್ಡನ್ನು ರೂಪಿಸಿದವರಿಗೆ ಅದರ ಹಿಂದಿನ ಕಾರಣ ತಿಳಿದಿರುತ್ತದೆ, ಸಿದ್ಧ ಕಾರ್ಡನ್ನು ಕೈಗೆ ಪಡೆದವರಿಗೆ ಅದು ತಾನಾಗಿ ತಿಳಿಯದು. ಸಾಮಗ್ರಿಯನ್ನು ಸಾಗಿಸುವುದು ಸುಲಭ, ಅದರೊಳಗಿನ ವಿಚಾರವನ್ನು ಸಾಗಿಸುವುದು ಕಷ್ಟ. ಆದ್ದರಿಂದ ಸಾಮಗ್ರಿಯ ವಿನಿಮಯದೊಡನೆ ಚರ್ಚೆಯೂ ನಡೆಯಬೇಕು.

ಆರಂಭಿಸುವ ಕ್ರಮ

1. *ಚಿಕ್ಕದಾಗಿ ಆರಂಭಿಸಬೇಕು.* ಆಸಕ್ತಿಯುಳ್ಳ ನಾಲ್ಕೈದು ಜನರು ಸಾಕು. ಕಡ್ಡಾಯದಿಂದ ಬಂದ ನಲವತ್ತು ಜನರಿಗಿಂತ ಮನಸ್ಸಿನಿಂದ ಬಂದ ಐವರು ಮೇಲು.
2. *ಒಂದೇ ಪ್ರಶ್ನೆಯನ್ನು ಆಯ್ದುಕೊಳ್ಳಬೇಕು.* ‘ಗುಣಮಟ್ಟ ಸುಧಾರಣೆ’ ಎಂಬಂಥ ವಿಶಾಲ ವಿಷಯ ಬೇಡ. ‘ಎರಡನೆಯ ಇಯತ್ತೆಯ ಮಕ್ಕಳು ಒತ್ತಕ್ಷರಗಳನ್ನು ಏಕೆ ಬಿಡುತ್ತಾರೆ?’ ಎಂಬಂಥ ನಿರ್ದಿಷ್ಟ ಪ್ರಶ್ನೆ ಬೇಕು.
3. *ಸಾಕ್ಷ್ಯದೊಡನೆ ಬರಬೇಕು.* ಪ್ರತಿಯೊಬ್ಬರೂ ಮಕ್ಕಳ ಬರಹ, ಸ್ವತಃ ಮಾಡಿದ ಸಾಧನ ಅಥವಾ ಪಾಠದ ಟಿಪ್ಪಣಿಯೊಂದನ್ನು ತರಬೇಕು. ಮಕ್ಕಳ ಹೆಸರುಗಳನ್ನು ಮರೆಮಾಡುವುದು ಒಳ್ಳೆಯದು.
4. *ಕಾಲ, ಸ್ಥಳ ನಿಶ್ಚಿತವಾಗಿರಬೇಕು.* ತಿಂಗಳಿಗೊಮ್ಮೆ ಎರಡು ಗಂಟೆಗಳಂತೆ ಹತ್ತು ತಿಂಗಳು ಕೂಡಿದರೆ ವರ್ಷಕ್ಕೆ 20 ಗಂಟೆಗಳ ಅಧ್ಯಯನವಾಗುತ್ತದೆ. ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ವಿಕಾಸದಲ್ಲಿ ಭಾಗವಹಿಸಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ನಿರೀಕ್ಷಿಸುತ್ತದೆ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ನಿಲ್ಲದಂತೆ ನಡೆಸುವ ಕ್ರಮ

ಆರಂಭದ ಉತ್ಸಾಹ ಮೂರನೆಯ ಸಭೆಯ ಹೊತ್ತಿಗೆ ಇಳಿಯುವುದು ಸಾಮಾನ್ಯ. ಅದಕ್ಕೆ ಕಾರಣಗಳನ್ನು ಅರಿತು ಮುಂಜಾಗ್ರತೆ ವಹಿಸಬೇಕು.

*ಪರಿಪತ್ರಕಗಳ ಆಕ್ರಮಣ:* ಆಡಳಿತದ ಸೂಚನೆ, ಮಾಹಿತಿ ತುಂಬುವ ಕೆಲಸ ಒಳಗೆ ಬಂದರೆ ಚರ್ಚೆ ಹೊರಗೆ ಹೋಗುತ್ತದೆ. ಅವಕ್ಕೆ ಬೇರೆ ವೇಳೆಯನ್ನು ಗೊತ್ತುಪಡಿಸಬೇಕು.

*ಮೌಲ್ಯಮಾಪನದ ಭಯ:* ತೊಡಕನ್ನು ಹೇಳಿಕೊಂಡರೆ ಅದು ತನ್ನ ಗೌಪ್ಯ ವರದಿಯಲ್ಲಿ ಕಾಣಿಸೀತೆಂಬ ಅಳುಕಿದ್ದಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಕೇಂದ್ರಪ್ರಮುಖರು ಬಂದರೆ ಸಹಭಾಗಿಯಾಗಿ ಬರಬೇಕು, ಪರೀಕ್ಷಕರಾಗಿ ಅಲ್ಲ.

*ಒಬ್ಬರೇ ಮಾತನಾಡುವುದು:* ಸಂಚಾಲಕತ್ವವನ್ನು ಪ್ರತಿ ಸಭೆಗೂ ಬದಲಿಸಬೇಕು. ಹೊಸ ಶಿಕ್ಷಣ ಸೇವಕರಿಗೆ ಲೈಬೀರಿಯಾದ ದರ್ಜಿಗಳಂತೆ ಚಿಕ್ಕ ಹೊಣೆಗಳನ್ನು ಮೊದಲು ಕೊಡಬೇಕು: ಟಿಪ್ಪಣಿ ಬರೆಯುವುದು, ಮಾದರಿಗಳನ್ನು ಜೋಡಿಸುವುದು. ನಿವೃತ್ತರನ್ನೂ ಆಗಾಗ ಆಹ್ವಾನಿಸಬೇಕು.

*ದಾಖಲೆಯ ಅಭಾವ:* ಒಂದು ದಪ್ಪ ವಹಿಯನ್ನು ಇಡಬೇಕು. ಪ್ರಶ್ನೆ, ಪ್ರಯೋಗ, ಫಲ, ಉಳಿದ ಸಂದೇಹ – ಈ ನಾಲ್ಕು ಅಂಕಣಗಳು ಸಾಕು. ಫಲಿಸದ ಪ್ರಯೋಗವನ್ನೂ ಬರೆಯಬೇಕು. ಅದು ಮತ್ತೊಬ್ಬರ ಶ್ರಮವನ್ನು ಉಳಿಸುತ್ತದೆ. ಇದೇ ವಹಿಯಲ್ಲಿ ಪದಕೋಶವೊಂದನ್ನು ಬೆಳೆಸಬಹುದು: ನಮ್ಮಲ್ಲಿ ‘ಅಧ್ಯಯನ ನಿಷ್ಪತ್ತಿ’ ಎನ್ನುವುದು ಕರ್ನಾಟಕದಲ್ಲಿ ‘ಕಲಿಕಾ ಫಲ’, ಇಲ್ಲಿಯ ‘ಪರಿಪತ್ರಕ’ ಅಲ್ಲಿ ‘ಸುತ್ತೋಲೆ’. ಎರಡೂ ರಾಜ್ಯಗಳ ಸಾಹಿತ್ಯವನ್ನು ಬಳಸುವ ಶಿಕ್ಷಕರಿಗೆ ಇದು ನಿತ್ಯೋಪಯೋಗಿ.

ಸಾರಾಂಶ

ಸಹಕಲಿಕಾ ಬಳಗಕ್ಕೆ ದೊಡ್ಡ ಅನುದಾನ ಬೇಡ. ನಿರ್ದಿಷ್ಟ ಪ್ರಶ್ನೆ, ನಿರ್ಭಯವಾದ ಮಾತು, ನಿಯಮಿತ ಕೂಟ ಮತ್ತು ಬರೆದಿಟ್ಟ ದಾಖಲೆ ಬೇಕು. ಬಳಗದ ಯಶಸ್ಸನ್ನು ಹಾಜರಾತಿಯಿಂದ ಅಳೆಯಬಾರದು. ಒಂದು ಶಾಲೆಯಲ್ಲಿ ಹೊಳೆದ ಉಪಾಯ ಇನ್ನೊಂದು ಶಾಲೆಯ ಮಗುವಿನ ಓದನ್ನು ಸುಗಮಗೊಳಿಸಿತೇ ಎಂಬುದೇ ಅದರ ನಿಜವಾದ ಅಳತೆ.

ಸ್ವಾಧ್ಯಾಯ

1. ನಿಮ್ಮ ಶಾಲೆಯಲ್ಲಿ ಒಬ್ಬರಿಗೆ ಮಾತ್ರ ತಿಳಿದಿರುವ ಬೋಧನಾ ಕೌಶಲಗಳು ಯಾವುವು? ಪಟ್ಟಿ ಮಾಡಿರಿ.
2. ಹ್ರಸ್ವ–ದೀರ್ಘ ಭೇದದಿಂದ ಅರ್ಥ ಬದಲಾಗುವ ಹತ್ತು ಜೋಡಿಪದಗಳನ್ನು ಸಂಗ್ರಹಿಸಿ, ಒಂದು ಆಟವನ್ನು ರಚಿಸಿರಿ.
3. ನೆರೆಯ ಎರಡು ಕನ್ನಡ ಶಾಲೆಗಳ ಶಿಕ್ಷಕರೊಡನೆ ಚರ್ಚಿಸಿ, ಮೊದಲ ಸಭೆಯ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ.