ಬುಡಕಟ್ಟು ಕ್ಯಾಸಿನೊದಲ್ಲಿ ಪೋಕರ್: ಅನುಮತಿ ಮತ್ತು ವರ್ಗೀಕರಣದ ಪ್ರಶ್ನೆ

ಯಾವುದೇ ವ್ಯವಹಾರಕ್ಕೆ ಸರ್ಕಾರದ ಅನುಮತಿ ಕೋರುವಾಗ, ಅದು ಕಾಯಿದೆಯ ಯಾವ ವರ್ಗಕ್ಕೆ ಸೇರುತ್ತದೆ ಎಂಬುದೇ ಮೊದಲ ಪ್ರಶ್ನೆ. ಲಾಭದ ಅಂದಾಜು ಅನಂತರದ್ದು. ಅಮೆರಿಕದ ಎರಡು ಬುಡಕಟ್ಟುಗಳು ತಮ್ಮ ನೆಲದಲ್ಲಿ ಪೋಕರ್ ಇಸ್ಪೀಟಾಟ ನಡೆಸುವ ಹಕ್ಕಿಗಾಗಿ ರಾಜ್ಯ ಸರ್ಕಾರಗಳೊಡನೆ ನಡೆಸಿದ ವ್ಯಾಜ್ಯಗಳು ಈ ಮಾತಿಗೆ ಉತ್ತಮ ನಿದರ್ಶನ.

ಹಿನ್ನೆಲೆ

ಕ್ಯಾಲಿಫೋರ್ನಿಯಾದ ಕಬಜಾನ್ ಬುಡಕಟ್ಟು ತನ್ನ ಮೀಸಲು ಪ್ರದೇಶದಲ್ಲಿ ಬಿಂಗೊ ಹಾಗೂ ಪೋಕರ್ ಆಡಿಸುತ್ತಿತ್ತು. ಅದರ ಸದಸ್ಯರ ಸಂಖ್ಯೆ ಕೇವಲ 25. ಬುಡಕಟ್ಟಿನ ಆಡಳಿತ ಮತ್ತು ಸೇವೆಗಳಿಗೆ ಈ ಆಟಗಳ ವರಮಾನವೇ ಏಕೈಕ ಆಧಾರವಾಗಿತ್ತು. ರಾಜ್ಯ ಮತ್ತು ಕೌಂಟಿ ಆಡಳಿತಗಳು ತಮ್ಮ ನಿಯಮಗಳನ್ನು ಅಲ್ಲಿಯೂ ಹೇರಲು ಮುಂದಾದವು. ರಾಜ್ಯವೇ ಲಾಟರಿ ನಡೆಸುತ್ತ, ಇಸ್ಪೀಟು ಕ್ಲಬ್ಬುಗಳಿಗೂ ಅವಕಾಶ ನೀಡಿರುವಾಗ ಅದರ ನೀತಿಯು ನಿಯಂತ್ರಣವೇ ಹೊರತು ನಿಷೇಧವಲ್ಲ ಎಂದು 1987ರಲ್ಲಿ ಸುಪ್ರೀಂ ಕೋರ್ಟು ಬುಡಕಟ್ಟಿನ ಪರವಾಗಿ ತೀರ್ಪಿತ್ತಿತು.

ಕಾಯಿದೆಯ ವರ್ಗಗಳು

ಮರುವರ್ಷವೇ, 1988ರಲ್ಲಿ, ಬುಡಕಟ್ಟು ಜೂಜು ನಿಯಂತ್ರಣ ಕಾಯಿದೆ ಜಾರಿಗೆ ಬಂದಿತು. ಅದು ಆಟಗಳನ್ನು ಮೂರು ವರ್ಗಗಳಾಗಿ ವಿಂಗಡಿಸುತ್ತದೆ. ಸಾಂಪ್ರದಾಯಿಕ ಆಟಗಳು ಮೊದಲನೆಯ ವರ್ಗ. ಬಿಂಗೊ ಮತ್ತು ಕೆಲವು ಇಸ್ಪೀಟಾಟಗಳು ಎರಡನೆಯದು. ಸ್ಲಾಟ್ ಯಂತ್ರ, ಬ್ಲ್ಯಾಕ್‌ಜಾಕ್ ಮುಂತಾದವು ಮೂರನೆಯದು; ಇವುಗಳಿಗೆ ರಾಜ್ಯದೊಡನೆ ಒಪ್ಪಂದ ಕಡ್ಡಾಯ.

ಪೋಕರ್‌ನ ಸ್ಥಾನ ಎಲ್ಲಿ? ಇಲ್ಲಿ ಲೆಕ್ಕದ ಸ್ವರೂಪವೇ ನಿರ್ಣಾಯಕ. ಬ್ಲ್ಯಾಕ್‌ಜಾಕ್‌ನಲ್ಲಿ ಕ್ಯಾಸಿನೊ ತಾನೇ ಎದುರಾಳಿ. ಸೋಲು ಗೆಲುವು ಅದರ ಖಾತೆಗೇ ಸೇರುತ್ತದೆ. ಪೋಕರ್‌ನಲ್ಲಿ ಆಟಗಾರರು ತಮ್ಮತಮ್ಮಲ್ಲೇ ಪಣವೊಡ್ಡುತ್ತಾರೆ. ಕ್ಯಾಸಿನೊಗೆ ದೊರೆಯುವುದು ಪಣದಲ್ಲಿನ ಸಣ್ಣ ಪಾಲು ಅಥವಾ ಮೇಜಿನ ಶುಲ್ಕ ಮಾತ್ರ. ಉದಾಹರಣೆಗೆ, 100 ಡಾಲರ್ ಪಣದಲ್ಲಿ 5 ಡಾಲರ್ ಪಡೆದರೆ ಆ ಐದೇ ಅದರ ಆದಾಯ. ಸ್ವಂತ ಖಾತೆಯ ವರ್ತಕನಿಗೂ ಕಮಿಷನ್ ಏಜೆಂಟನಿಗೂ ಇರುವ ವ್ಯತ್ಯಾಸವೇ ಇದು.

ಆದಕಾರಣ ಇಂಥ ಪೋಕರ್ ಎರಡನೆಯ ವರ್ಗಕ್ಕೆ ಸೇರಬಲ್ಲದು. ಆದರೆ ಒಂದು ಷರತ್ತುಂಟು: ರಾಜ್ಯದ ಕಾನೂನು ಆ ಆಟಕ್ಕೆ ಸ್ಪಷ್ಟ ಅನುಮತಿ ನೀಡಿರಬೇಕು, ಇಲ್ಲವೇ ಅದನ್ನು ಸ್ಪಷ್ಟವಾಗಿ ನಿಷೇಧಿಸದಿದ್ದು, ರಾಜ್ಯದಲ್ಲಿ ಎಲ್ಲಿಯಾದರೂ ಅದನ್ನು ಆಡುತ್ತಿರಬೇಕು. ವೇಳೆ ಮತ್ತು ಪಣದ ಮಿತಿಯ ಬಗ್ಗೆ ರಾಜ್ಯದ ನಿಯಮಗಳಿದ್ದರೆ ಅವನ್ನೂ ಪಾಲಿಸಬೇಕು.

ಸೋತ ವಾದ

ಐಡಾಹೊ ರಾಜ್ಯದ ಕೋರ್ ಡಲೇನ್ ಬುಡಕಟ್ಟು 2014ರಲ್ಲಿ ತನ್ನ ಕ್ಯಾಸಿನೊದಲ್ಲಿ ಟೆಕ್ಸಾಸ್ ಹೋಲ್ಡೆಮ್ ಪೋಕರ್ ಆರಂಭಿಸಿತು. ಇದು ಅದೃಷ್ಟದ ಆಟವಲ್ಲ, ಕೌಶಲದ ಸ್ಪರ್ಧೆ ಎಂಬುದು ಅದರ ವಾದ. ಆದರೆ ಐಡಾಹೊದ ಕಾನೂನು ನಿಷೇಧಿತ ಆಟಗಳ ಪಟ್ಟಿಯಲ್ಲಿ ಪೋಕರ್ ಅನ್ನು ಹೆಸರಿಸಿಯೇ ಹೇಳಿತ್ತು. ಫೆಡರಲ್ ನ್ಯಾಯಾಲಯ ತಡೆಯಾಜ್ಞೆ ನೀಡಿತು. 2015ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕಾನೂನಿನ ಸ್ಪಷ್ಟ ಪದದ ಮುಂದೆ ಕೌಶಲದ ವಾದ ನಿಲ್ಲಲಿಲ್ಲ.

ಗ್ರಹಿಸಬೇಕಾದ ಅಂಶಗಳು

ಈ ಉದ್ಯಮ ಸಣ್ಣದಲ್ಲ. 2023ರ ಹಣಕಾಸು ವರ್ಷದಲ್ಲಿ ಅಮೆರಿಕದ ಬುಡಕಟ್ಟು ಜೂಜಿನ ಒಟ್ಟು ಆದಾಯ ಸುಮಾರು 4,190 ಕೋಟಿ ಡಾಲರ್. ನಿವ್ವಳ ವರಮಾನವನ್ನು ಬುಡಕಟ್ಟಿನ ಆಡಳಿತ, ಸದಸ್ಯರ ಕ್ಷೇಮ, ಆರ್ಥಿಕ ಅಭಿವೃದ್ಧಿ, ದಾನಧರ್ಮ, ಸ್ಥಳೀಯ ಸಂಸ್ಥೆಗಳ ನೆರವು ಎಂಬ ಐದು ಉದ್ದೇಶಗಳಿಗಷ್ಟೇ ಬಳಸಬೇಕೆಂದು ಕಾಯಿದೆ ವಿಧಿಸಿದೆ. ಪೋಕರ್‌ಗೆ ಅವಕಾಶ ಕೇಳುವವರು ಉದ್ಯೋಗ, ಕ್ಷೇಮಗಳ ಕಾರಣ ಮುಂದಿಡುವುದು ಸಹಜ ಮತ್ತು ನ್ಯಾಯಯುತ. ಆದರೆ ಮನವಿಯ ಬಲ ಅಡಗಿರುವುದು ಮೂರು ಪ್ರಶ್ನೆಗಳಲ್ಲಿ: ಪಣದ ಹಣ ಯಾರಿಂದ ಯಾರಿಗೆ ಹೋಗುತ್ತದೆ? ಅದೇ ರಾಜ್ಯದಲ್ಲಿ ಇತರರಿಗೆ ಈ ಆಟಕ್ಕೆ ಅವಕಾಶವಿದೆಯೇ? ಕಾನೂನಿನಲ್ಲಿ ಆಟದ ಹೆಸರೇ ನಿಷೇಧಿತವೇ?

ಮೊದಲೆರಡು ಉತ್ತರಗಳು ಅನುಕೂಲಕರವಾಗಿದ್ದು ಮೂರನೆಯದು ‘ಇಲ್ಲ’ ಎಂದಾದರೆ ಅಧಿಕಾರಿಗಳ ಮುಂದೆ ಹೋಗಬಹುದು. ಮೂರನೆಯದು ‘ಹೌದು’ ಎಂದಾದರೆ ಹೋಗಬೇಕಾದದ್ದು ಶಾಸಕರ ಬಳಿಗೆ. ಇಲ್ಲದ ಅಧಿಕಾರವನ್ನು ಅಧಿಕಾರಿ ಚಲಾಯಿಸಲಾರ. ಮೇಜು, ಕುರ್ಚಿ, ಸಿಬ್ಬಂದಿಗೆ ಬಂಡವಾಳ ತೊಡಗಿಸುವ ಮುನ್ನವೇ ಈ ಪರಿಶೀಲನೆ ಮುಗಿದಿರುವುದು ಲೇಸು.