ಗರಿಯ ಗಾಳ, ತಣ್ಣೀರ ಮೀನು

ಹಿಮಾಲಯದ ಟ್ರೌಟ್ ಹೊಳೆಗಳ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಇಲ್ಲಿ ಉತ್ತರಿಸಿದ್ದೇನೆ. ಹೆಚ್ಚಿನವರು ಕೇಳಿದ್ದು ಒಂದೇ: ಗರಿಯ ಗಾಳ ಹಾಕಿ ಟ್ರೌಟ್ ಹಿಡಿಯುವ ಫ್ಲೈ ಫಿಶಿಂಗ್ ಅನ್ನು ಕಲಿಯಬಹುದೇ? ಕಲಿಯಬಹುದು. ಮೀನು ಸಿಗುವುದಕ್ಕಿಂತ ಎಷ್ಟೋ ಮೊದಲೇ ಇದರ ಸಂತೋಷ ಶುರುವಾಗುತ್ತದೆ.

ಏಪ್ರಿಲ್‌ನಲ್ಲಿ ಹಿಮಾಚಲದ ತೀರ್ಥನ್ ಕಣಿವೆಗೆ ಹೋಗುತ್ತಿದ್ದೇವೆ. ಹೋದ ಸಲ ಗುಶೈಣಿಯ ಹತ್ತಿರ ಒಬ್ಬರು ದಾರವನ್ನು ಗಾಳಿಯಲ್ಲಿ ಹಿಂದೆ ಮುಂದೆ ತೇಲಿಸುತ್ತ ನಿಂತಿದ್ದನ್ನು ನೋಡಿ ನನಗೆ ಅಲ್ಲಿಂದ ಕದಲಲು ಮನಸ್ಸೇ ಬರಲಿಲ್ಲ. ನಾನು ಗಾಳ ಮುಟ್ಟಿದವನೇ ಅಲ್ಲ. ಎಲ್ಲಿಂದ ಶುರು ಮಾಡಲಿ, ಏನು ಕೊಳ್ಳಲಿ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ನಿಮ್ಮ ಬಡಾವಣೆಯ ಮೈದಾನದಿಂದ ಶುರು ಮಾಡಿ, ಹೊಳೆಗೆ ಆಮೇಲೆ ಹೋಗಬಹುದು. ಮಾಮೂಲಿ ಗಾಳದಲ್ಲಿ ತುದಿಗೆ ಕಟ್ಟಿದ ಸೀಸದ ಗುಂಡು ಹಾರಿ ತನ್ನ ಹಿಂದೆ ದಾರವನ್ನು ಎಳೆದುಕೊಂಡು ಹೋಗುತ್ತದೆ. ಫ್ಲೈ ಫಿಶಿಂಗ್‌ನಲ್ಲಿ ಇದು ತಿರುವುಮುರುವು. ಗರಿ, ತುಪ್ಪಳ, ನೂಲು ಸುತ್ತಿ ಮಾಡಿದ ಫ್ಲೈಗೆ ತೂಕವೇ ಇರುವುದಿಲ್ಲ, ತೂಕವೆಲ್ಲ ದಾರದ್ದು. ಟ್ರೌಟ್‌ಗೆ ಬಳಸುವ 5ನೇ ನಂಬರಿನ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಕೋಲು ಬಾಗುವುದೂ ಫ್ಲೈ ಹಾರುವುದೂ ಈ ತೂಕದಿಂದಲೇ.

ನೀವು ಕಲಿಯಬೇಕಾದ ಚಲನೆ ಎರಡೇ: ಹಿಂದಕ್ಕೊಂದು ಎಸೆತ, ಮುಂದಕ್ಕೊಂದು ಎಸೆತ. ಎರಡರ ಕೊನೆಗೂ ಕೋಲನ್ನು ಥಟ್ಟನೆ ನಿಲ್ಲಿಸಬೇಕು. ನಿಲ್ಲಿಸಿದಾಗಲೇ ಬಾಗಿದ ಕೋಲು ನೆಟ್ಟಗಾಗಿ, ತನ್ನಲ್ಲಿದ್ದ ಶಕ್ತಿಯನ್ನು ದಾರಕ್ಕೆ ಕೊಡುತ್ತದೆ. ದಾರ ಒಂದು ಕಿರಿದಾದ ಕುಣಿಕೆಯಾಗಿ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಹಿಂದಕ್ಕೆ ಎಸೆದಾಗ ಕೋಲು ನೆಟ್ಟಗಿನ ನಿಲುವನ್ನು ಸ್ವಲ್ಪವೇ ದಾಟಬೇಕು. ಮಣಿಕಟ್ಟು ಸಡಿಲಬಿಟ್ಟು ಕೋಲನ್ನು ಹಿಂದಕ್ಕೆ ಮಲಗಿಸಿದರೆ ದಾರ ನೆಲಕ್ಕೆ ಬೀಳುತ್ತದೆ. ಆಮೇಲೆ ಕಾಯಬೇಕು. ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗಿನ ಆ ಕ್ಷಣಾರ್ಧವನ್ನು ಹೊಸಬರು ಯಾರೂ ಕಾಯುವುದಿಲ್ಲ. ಮೊದಮೊದಲು ತಿರುಗಿ ನೋಡಿ. ನೋಡುವುದರಲ್ಲಿ ನಾಚಿಕೆಯೇನೂ ಇಲ್ಲ. ಕೆಲವು ದಿನ ಕಳೆದ ಮೇಲೆ ದಾರ ಹಿಂದೆ ಚಾಚಿಕೊಂಡಾಗ ಕೋಲನ್ನು ಮೆಲ್ಲಗೆ ಜಗ್ಗುವುದು ಅಂಗೈಗೇ ತಿಳಿಯುತ್ತದೆ. ಆ ಜಗ್ಗು ಮೊದಲ ಬಾರಿ ಕೈಗೆ ಸಿಕ್ಕ ದಿನದ ಖುಷಿಗೆ ಮೀನೇ ಬೇಕಿಲ್ಲ.

ಕೊಳ್ಳಬೇಕಾದ್ದು 9 ಅಡಿ ಉದ್ದದ, 5ನೇ ನಂಬರಿನ ಕೋಲು, ಅದೇ ನಂಬರಿನ ತೇಲುವ ದಾರ, ಒಂದು ಸಾದಾ ರೀಲು, ದಾರಕ್ಕೂ ಫ್ಲೈಗೂ ನಡುವೆ ಕಟ್ಟುವ, ತುದಿಗೆ ಸಣ್ಣಗಾಗುತ್ತ ಹೋಗುವ 9 ಅಡಿಯ ಎಳೆ, ಅಂದರೆ ಲೀಡರ್. ದುಬಾರಿ ರೀಲಿಗೆ ದುಡ್ಡು ಸುರಿಯಬೇಡಿ. ಟ್ರೌಟ್ ಮೀನುಗಾರಿಕೆಯಲ್ಲಿ ರೀಲು ಹೆಚ್ಚಾಗಿ ದಾರ ಸುತ್ತಿಡುವ ಕೆಲಸ ಮಾಡುತ್ತದೆ, ಅಷ್ಟೇ. ಉಳಿಸಿದ ಹಣವನ್ನು ಒಳ್ಳೆಯ ದಾರಕ್ಕೆ ಹಾಕಿ. ಮೈದಾನದಲ್ಲಿ ಕೊಕ್ಕೆಯ ಬದಲು ತುಂಡು ಉಣ್ಣೆ ಕಟ್ಟಿ, 25 ಅಡಿ ದೂರದಲ್ಲಿ ಒಂದು ತಟ್ಟೆ ಇಟ್ಟು ಗುರಿ ಹಿಡಿಯಿರಿ. ಬಂಡೆಗಳ ನಡುವೆ ಹರಿಯುವ ತೀರ್ಥನ್‌ನಲ್ಲಿ ಅದಕ್ಕಿಂತ ದೂರದ ಎಸೆತ ಬೇಕಾಗುವುದು ಅಪರೂಪ. ಹೊಳೆಗೆ ಹೋದಾಗ ಟೋಪಿ, ಕನ್ನಡಕ ಮರೆಯಬೇಡಿ. ಗಾಳಿಗೆ ಕೊಕ್ಕೆ ಎತ್ತ ತಿರುಗುತ್ತದೆಂದು ಹೇಳಲಾಗದು.

ತುಂಗೆಯ ದಡದಲ್ಲಿ ಎರೆಹುಳು ಕಟ್ಟಿ ಗಾಳ ಹಾಕುತ್ತ ಬೆಳೆದವನು ನಾನು. ಈಗ ವಯಸ್ಸು 63. ಭುಜದಲ್ಲಿ ಮೊದಲಿನ ಕಸುವಿಲ್ಲ. ಈ ವಿದ್ಯೆ ನನಗೆ ಒಲಿದೀತೇ?
– ನಿವೃತ್ತ ಶಿಕ್ಷಕ, ಶಿವಮೊಗ್ಗ

ಮೇಷ್ಟ್ರೇ, ಖಂಡಿತ ಒಲಿಯುತ್ತದೆ. ಕಸುವು ಜಾಸ್ತಿ ಇರುವವರೇ ಇದನ್ನು ನಿಧಾನವಾಗಿ ಕಲಿಯುತ್ತಾರೆ, ಏಕೆಂದರೆ ಅವರು ತಾಳಕ್ಕೆ ಬದಲು ಬಲ ಹಾಕುತ್ತಾರೆ. ನಿಮ್ಮ ಹತ್ತಿರ ಬಲಕ್ಕಿಂತ ಬೆಲೆಬಾಳುವ ಇನ್ನೊಂದು ಇದೆ: ನೀರು ಓದಲು ನಿಮಗೆ ಆಗಲೇ ಬರುತ್ತದೆ. ಸೆಳವು ಎಲ್ಲಿ ಮುರಿಯುತ್ತದೆ, ಮಡುವಿನ ತಲೆ ಎಲ್ಲಿ, ಬಂಡೆಯ ಮರೆಯಲ್ಲಿ ನೀರು ಹೇಗೆ ನಿಧಾನವಾಗುತ್ತದೆ ಎಂಬುದನ್ನು ತುಂಗೆ ಕಲಿಸಿಯೇ ಇರುತ್ತಾಳೆ. ಟ್ರೌಟ್ ನಿಲ್ಲುವುದೂ ಅಂಥಲ್ಲೇ. ತಾನು ನಿಧಾನದ ನೀರಿನಲ್ಲಿ ನಿಂತು, ಪಕ್ಕದ ವೇಗದ ಸೆಳವು ಹೊತ್ತು ತರುವ ಆಹಾರಕ್ಕೆ ಅದು ಕಾಯುತ್ತದೆ. ಎರಡು ಸೆಳವುಗಳು ಕೂಡುವ ಗೆರೆಯನ್ನು ಹುಡುಕಿ. ಹಿಮಾಲಯದ ಹೊಳೆಯಲ್ಲಿ ಕಲ್ಲು ಜಾರುತ್ತದೆ, ನೀರು ಕೊರೆಯುತ್ತದೆ. ಊರುಗೋಲು ಹಿಡಿಯಿರಿ, ಮೊಣಕಾಲಿಗಿಂತ ಆಳಕ್ಕೆ ಇಳಿಯಬೇಡಿ.

ಗರಿ ಸುತ್ತಿದ ಕೊಕ್ಕೆಯನ್ನು ಮೀನು ಹುಳು ಎಂದು ಹೇಗೆ ನಂಬುತ್ತದೆ? ಅದರ ಕಣ್ಣಿಗೆ ಏನು ಕಾಣುತ್ತದೆ?
– ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ, ಮಂಗಳೂರು

ಬಂದ ಪತ್ರಗಳಲ್ಲೆಲ್ಲ ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ಬೆಳಕು ನೀರಿನೊಳಗೆ ಇಳಿಯುವಾಗ ಬಾಗುವುದರಿಂದ, ಮೇಲೆ ನೋಡುವ ಮೀನಿಗೆ ಹೊರಜಗತ್ತೆಲ್ಲ ಸುಮಾರು 97 ಡಿಗ್ರಿ ಕೋನದ ಒಂದು ದುಂಡು ಕಿಟಕಿಯಲ್ಲಿ ಅಡಕವಾಗಿ ಕಾಣುತ್ತದೆ. ಆ ಕಿಟಕಿಯ ಅಗಲ ಮೀನು ಇರುವ ಆಳದ ಎರಡು ಪಟ್ಟಿಗಿಂತ ತುಸು ಹೆಚ್ಚು. ಅದರ ಹೊರಗೆ ನೀರಿನ ಮೈ ಕನ್ನಡಿಯಾಗಿ ಹೊಳೆತಳವನ್ನೇ ತೋರಿಸುತ್ತದೆ. ತೇಲಿ ಬರುವ ಹುಳು ಮೊದಲು ಈ ಕನ್ನಡಿಯ ಮೇಲೆ, ಕಾಲೂರಿದ ಕಡೆಯ ಬೆಳಕಿನ ಚುಕ್ಕೆಗಳಾಗಿ ಕಾಣುತ್ತದೆ. ಕಿಟಕಿಯೊಳಗೆ ಬಂದ ಮೇಲೆಯೇ ಅದಕ್ಕೆ ರೆಕ್ಕೆ, ಬಣ್ಣ ಎಲ್ಲ. ಹುಂಜದ ಕುತ್ತಿಗೆಯ ಗರಿಯನ್ನು ಕೊಕ್ಕೆಯ ಸುತ್ತ ಸುತ್ತಿದಾಗ ಬಿರುಸಾದ ಎಳೆಗಳು ನೀರಿನ ಮೇಲೆ ಅಂಥವೇ ಚುಕ್ಕೆಗಳನ್ನು ಮೂಡಿಸುತ್ತವೆ. ಸೆಳವು ನಿಲ್ಲುವುದಿಲ್ಲ, ಮೀನಿಗೆ ಪರೀಕ್ಷೆ ಮಾಡಲು ಹೊತ್ತಿಲ್ಲ. ಗಾತ್ರ, ಆಕಾರ, ತೇಲುವ ರೀತಿ ಸರಿ ಇದ್ದರೆ ಬಾಯಿ ಹಾಕುತ್ತದೆ.

ಹುಂಜದ ಗರಿ, ಕೆಂಪು ಉಣ್ಣೆ ಕಟ್ಟಿ ಮೀನು ಹಿಡಿಯುವ ಮ್ಯಾಸಿಡೋನಿಯಾದ ಜನರ ವಿಷಯವನ್ನು ರೋಮನ್ ಕಾಲದ ಲೇಖಕ ಈಲಿಯನ್ ಬರೆದಿಟ್ಟಿದ್ದಾನೆ. ಅಂದರೆ ಈ ಕುಶಲತೆಗೆ ಹೆಚ್ಚುಕಡಿಮೆ 1800 ವರ್ಷಗಳ ದಾಖಲೆ ಇದೆ. ಅನುಕರಿಸುವ ಹುಳುಗಳಲ್ಲಿ ಮುಖ್ಯವಾದದ್ದು ಮೇಫ್ಲೈ. ಅದರ ಮರಿ ತಿಂಗಳುಗಟ್ಟಲೆ ಕಲ್ಲಿನಡಿ ಬದುಕಿ, ಒಂದು ದಿನ ಮೇಲೆದ್ದು ಚರ್ಮ ಬಿಟ್ಟು ರೆಕ್ಕೆ ಪಡೆಯುತ್ತದೆ. ರೆಕ್ಕೆ ಬಂದ ಮೇಲೂ ಮತ್ತೊಮ್ಮೆ ಪೊರೆ ಕಳಚುವ ಕೀಟ ಈಗ ಬದುಕಿರುವವುಗಳಲ್ಲಿ ಇದೊಂದೇ. ಬೆಳೆದ ಮೇಫ್ಲೈ ಉಣ್ಣುವುದೇ ಇಲ್ಲ. ಕೂಡಿ, ಮೊಟ್ಟೆಯಿಟ್ಟು, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಸಾಯುತ್ತದೆ.

ಇವನ್ನು ನೋಡಲು ನೀವು ಹಿಮಾಲಯಕ್ಕೆ ಹೋಗಬೇಕಿಲ್ಲ. ಘಟ್ಟದ ಯಾವುದಾದರೂ ತಿಳಿನೀರಿನ ತೊರೆಯಲ್ಲಿ ಅಂಗೈಯಗಲದ ಕಲ್ಲನ್ನು ಮೆಲ್ಲಗೆ ಎತ್ತಿ ತಿರುಗಿಸಿ. ಹೊಟ್ಟೆಯ ಅಂಚಿನಲ್ಲಿ ಕಿವಿರುಗಳನ್ನು ಬಡಿಯುತ್ತ, ಸಾಮಾನ್ಯವಾಗಿ ಮೂರು ಬಾಲಗಳಿರುವುದು ಮೇಫ್ಲೈ ಮರಿ. ಎರಡು ಬಾಲದ್ದು ಹೆಚ್ಚಾಗಿ ಸ್ಟೋನ್‌ಫ್ಲೈ. ಮರಳು, ಎಲೆಚೂರು ಅಂಟಿಸಿ ಗೂಡು ಕಟ್ಟಿಕೊಂಡದ್ದು ಕ್ಯಾಡಿಸ್. ನೋಡಿ ಕಲ್ಲನ್ನು ಇದ್ದ ಹಾಗೇ ಇಡಿ. ಇನ್ನೊಂದು ಮಾತು: ಭಾರತದ ಗಾಳಗಾರರು ಇವತ್ತಿಗೂ ನೆನೆಯುವ ‘ದಿ ರಾಡ್ ಇನ್ ಇಂಡಿಯಾ’ (1873) ಬರೆದ ಎಚ್. ಎಸ್. ಥಾಮಸ್ ನಿಮ್ಮ ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವರು. ಅವರ ಒಲವಿದ್ದದ್ದು ಮಹಶೀರ್ ಮೀನಿನ ಮೇಲೆ.

ಡೆನ್ವರ್‌ನಲ್ಲಿದ್ದೇನೆ. ವಾರಾಂತ್ಯಕ್ಕೆ ಸೌತ್ ಪ್ಲಾಟ್ ನದಿಗೆ ಹೋಗುತ್ತೇನೆ. ಟ್ರೌಟ್ ಏಳುತ್ತದೆ, ನನ್ನ ಫ್ಲೈ ಹತ್ತಿರ ಬರುತ್ತದೆ, ನೋಡಿ ಹಿಂದಿರುಗುತ್ತದೆ. ಫ್ಲೈ ಬದಲಿಸಿ ಬದಲಿಸಿ ಸಾಕಾಗಿದೆ.
– ಕನ್ನಡಿಗ ಓದುಗ, ಅಮೆರಿಕ

ಫ್ಲೈ ಬದಲಿಸುವುದನ್ನು ಸದ್ಯ ನಿಲ್ಲಿಸಿ. ತಪ್ಪು ಬಹುಪಾಲು ದಾರದ್ದು. ನಿಮಗೂ ಮೀನಿಗೂ ನಡುವೆ ನಾಲ್ಕಾರು ಸೆಳವುಗಳು ಬೇರೆ ಬೇರೆ ವೇಗದಲ್ಲಿ ಹರಿಯುತ್ತಿರುತ್ತವೆ. ನಡುವಿನ ವೇಗದ ನೀರು ದಾರವನ್ನು ಬಿಲ್ಲಿನಂತೆ ಬಾಗಿಸಿ ಎಳೆದಾಗ ಫ್ಲೈ ತಾನಿರುವ ನೀರಿಗಿಂತ ಬೇಗ ಸಾಗುತ್ತದೆ. ನಿಜವಾದ ಹುಳು ಹಾಗೆ ಸಾಗುವುದಿಲ್ಲ. ಈ ಎಳೆತ ನಮ್ಮ ಕಣ್ಣಿಗೆ ಬೀಳದಷ್ಟು ಸಣ್ಣದಿದ್ದರೂ ಮೀನಿಗೆ ಸಾಕು. ದಾರ ನೀರಿಗೆ ಬಿದ್ದ ಕೂಡಲೇ ಕೋಲಿನ ತುದಿಯಿಂದ ಅದನ್ನು ಎತ್ತಿ ಮೇಲ್ಸೆಳವಿನ ಕಡೆಗೆ ಹಾಕಿ. ಇನ್ನೂ ಸುಲಭದ ದಾರಿ ಎಂದರೆ ನಾಲ್ಕು ಹೆಜ್ಜೆ ಸರಿದು, ಎರಡು ಸೆಳವು ಮಾತ್ರ ಅಡ್ಡ ಬರುವ ಜಾಗದಲ್ಲಿ ನಿಲ್ಲುವುದು. ಲೀಡರ್‌ನ ತುದಿಯ ಎಳೆಯನ್ನು ಇನ್ನೂ ತೆಳುವಾದ 5ಎಕ್ಸ್ ಅಥವಾ 6ಎಕ್ಸ್‌ಗೆ ಇಳಿಸಿ, ಒಂದೆರಡು ಅಡಿ ಉದ್ದ ಮಾಡಿ.

ಇಷ್ಟಾದ ಮೇಲೂ ಒಪ್ಪದಿದ್ದರೆ ಮೀನು ಏಳುವ ಬಗೆಯನ್ನು ನೋಡಿ. ಮೂತಿ ನೀರಿನಿಂದ ಹೊರಗೆ ಕಂಡರೆ ಅದು ಮೇಲೆ ತೇಲುವ ಹುಳುವನ್ನು ತಿನ್ನುತ್ತಿದೆ. ಬೆನ್ನು ಅಥವಾ ಬಾಲ ಮಾತ್ರ ಕಂಡರೆ, ಮೇಲೆ ಬರಲು ಹವಣಿಸುತ್ತಿರುವ ಹುಳುಮರಿಗಳನ್ನು ನೀರಿನ ಪೊರೆಯ ಕೆಳಗೇ ಹಿಡಿಯುತ್ತಿದೆ. ಆಗ ತೇಲುವ ಫ್ಲೈ ಎಷ್ಟು ಚೆಂದವಿದ್ದರೂ ವ್ಯರ್ಥ. ಇಂಗ್ಲೆಂಡಿನ ಹೊಳೆಗಳಲ್ಲಿ ಇದೇ ವಿಷಯಕ್ಕೆ ದೊಡ್ಡ ವಾದ ನಡೆದಿತ್ತು. ಗಾಳದ ಬಗ್ಗೆ ಬರೆಯುತ್ತಿದ್ದ ಹಾಲ್ಫರ್ಡ್ ತೇಲುವ ಫ್ಲೈಯ ಪಕ್ಷ ಹಿಡಿದರು. ಸ್ಕ್ಯೂಸ್ 1910ರಲ್ಲಿ ಪುಸ್ತಕ ಬರೆದು ಮುಳುಗಿದ ಫ್ಲೈಯ ಪರ ನಿಂತರು. ನನ್ನ ಮತ ಸ್ಕ್ಯೂಸ್‌ಗೆ. ಟ್ರೌಟ್ ತನ್ನ ಊಟದ ಬಹುಪಾಲನ್ನು ನೀರಿನೊಳಗೇ ಮುಗಿಸುತ್ತದೆ.

ಮಗ ರಜೆಯಲ್ಲೆಲ್ಲ ಇದನ್ನೇ ಮಾಡುತ್ತಾನೆ, ಮೀನು ಹಿಡಿದು ಬಿಟ್ಟುಬಿಡುತ್ತಾನಂತೆ. ನಾವು ಮೀನು ತಿನ್ನುವವರಲ್ಲ. ತಿನ್ನದ ಜೀವಕ್ಕೆ ಸುಮ್ಮನೆ ನೋವು ಕೊಡುವುದು ಸರಿಯೇ?
– ಗೃಹಿಣಿ, ಧಾರವಾಡ

ತಾಯಿ, ನಿಮ್ಮ ಪ್ರಶ್ನೆಯನ್ನು ಹಗುರ ಮಾಡಿ ತೇಲಿಸಲಾರೆ. ಮೀನಿಗೆ ನೋವೇ ಇಲ್ಲ ಎಂದು ಗಾಳಗಾರರು ಬಹುಕಾಲ ಹೇಳಿಕೊಂಡು ಬಂದರು. 2003ರಲ್ಲಿ ವಿಜ್ಞಾನಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್‌ನ ತಲೆಯ ಭಾಗದಲ್ಲಿ ನೋವುಂಟುಮಾಡುವ ಪ್ರಚೋದನೆಗೆ ಸ್ಪಂದಿಸುವ ನರಗಳಿರುವುದನ್ನು ತೋರಿಸಿದ ಮೇಲೆ ಆ ಮಾತಿಗೆ ಬಲವಿಲ್ಲ. ಹಿಡಿದು ಬಿಡುವುದರಿಂದ ಮೀನಿಗೆ ಏನೂ ಆಗುವುದಿಲ್ಲ ಎಂಬುದೂ ಸುಳ್ಳು. ಒರಟಾಗಿ ಹಿಡಿದರೆ ಬಿಟ್ಟ ಮೇಲೂ ಸಾಯುತ್ತದೆ. ಹೊಳೆಯ ಜೊತೆಗಿನ ಈ ಒಡನಾಟಕ್ಕೆ ನೋವಿನ ಬೆಲೆಯಿದೆ ಎಂದು ಒಪ್ಪಿಕೊಂಡೇ ನಾನು ಗಾಳ ಹಾಕುತ್ತೇನೆ. ಬೇಡ ಎನ್ನುವವರ ಮಾತು ತಪ್ಪೆಂದು ನನಗೆ ಎಂದೂ ಅನ್ನಿಸಿಲ್ಲ.

ಮಗನಿಗೆ ಇಷ್ಟು ಹೇಳಿ. ಕೊಕ್ಕೆಯ ಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಲಿ. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಲಿ. ಒಣ ಕೈ ಅದರ ಮೈಮೇಲಿನ ಲೋಳೆಯನ್ನು ಕಿತ್ತುಬಿಡುತ್ತದೆ. ಕೊಕ್ಕೆಯನ್ನು ನೀರಿನಲ್ಲೇ ಬಿಡಿಸಲಿ, ಫೋಟೋಗೆಂದು ಮೇಲೆತ್ತಿ ಹಿಡಿಯುವುದು ಬೇಡ. ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಕೋಲನ್ನೇ ಬಿಚ್ಚದಿರಲಿ. ಬೆಚ್ಚನೆಯ ನೀರಿನಲ್ಲಿ ಆಮ್ಲಜನಕ ಕಡಿಮೆ, ದಣಿದ ಟ್ರೌಟ್ ಚೇತರಿಸಿಕೊಳ್ಳುವುದಿಲ್ಲ. ನಾಲ್ಕು ಮೀನು ಏಳುವುದನ್ನು ನೋಡಿ, ಒಂದಕ್ಕೇ ಎಸೆದು ಮನೆಗೆ ಬರುವುದನ್ನೂ ಕಲಿಯಲಿ.

ನಮ್ಮ ಕಾವೇರಿಗೆ ಟ್ರೌಟ್ ಮರಿ ಬಿಡಬಾರದೇಕೆ? ಪ್ರವಾಸೋದ್ಯಮಕ್ಕೂ ಅನುಕೂಲವಲ್ಲವೇ?
– ಕಾಫಿ ಬೆಳೆಗಾರ, ಕೊಡಗು

ಬೇಡವೇ ಬೇಡ. ಮೊದಲನೆಯದಾಗಿ ಅವು ಬದುಕುವುದಿಲ್ಲ. ಟ್ರೌಟ್‌ಗೆ ಹಿತವೆನಿಸುವುದು 10ರಿಂದ 16 ಡಿಗ್ರಿಯ ನೀರು. 25ರ ಹತ್ತಿರ ಅದರ ಜೀವಕ್ಕೇ ಅಪಾಯ. ದಕ್ಷಿಣದಲ್ಲಿ ಅದು ನೆಲೆನಿಂತದ್ದು ನೀಲಗಿರಿ, ಮುನ್ನಾರ್‌ಗಳಂಥ ಎತ್ತರದ ತಣ್ಣನೆಯ ತೊರೆಗಳಲ್ಲಿ ಮಾತ್ರ. ನೀಲಗಿರಿಯಲ್ಲೂ ಅದನ್ನು ತಂದು ಬಿಡುವ 1863ರ ಪ್ರಯತ್ನ ಕೈಗೂಡಲಿಲ್ಲ. ಮೀನು ಸಾಕಣೆ ತಜ್ಞ ಎಚ್. ಸಿ. ವಿಲ್ಸನ್ ಅಲ್ಲಿನ ಅವಲಾಂಚೆಯಲ್ಲಿ ಮೊಟ್ಟೆಮನೆ ಕಟ್ಟಿಸಿ ರೇನ್‌ಬೋ ಟ್ರೌಟ್ ಬೆಳೆಸಿದ್ದು 1907ರ ಸುಮಾರಿಗೆ.

ಎರಡನೆಯದು ಇದಕ್ಕಿಂತ ಮುಖ್ಯ. ಟ್ರೌಟ್ ಈ ನೆಲದ ಮೀನೇ ಅಲ್ಲ. ಬ್ರೌನ್ ಟ್ರೌಟ್ ಯುರೋಪಿನದು. ಅದು ಕಾಶ್ಮೀರಕ್ಕೆ ಬಂದದ್ದು 1900ರಲ್ಲಿ, ಅಲ್ಲಿಂದ ಕುಲ್ಲು ಕಡೆಗೆ 1909ರ ಹೊತ್ತಿಗೆ. ರೇನ್‌ಬೋ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯದು. ಜಗತ್ತಿನ ಅತಿ ಹಾನಿಕರ 100 ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಎರಡೂ ಇವೆ. ಹಿಮಾಲಯದ ಸ್ನೋ ಟ್ರೌಟ್, ಹೆಸರು ಹಾಗಿದ್ದರೂ ಕಾರ್ಪ್ ಜಾತಿಯದು, ಈ ಪರಕೀಯರಿಂದ ಒತ್ತಡಕ್ಕೆ ಸಿಕ್ಕಿದೆ. ಬೇರೂರಿದ ಕಡೆ ಟ್ರೌಟ್ ಹಿಡಿದು ಸಂತೋಷಪಡೋಣ, ಹೊಸ ನೀರಿಗೆ ಬಿಡುವುದು ಬೇಡ. ಕಾವೇರಿಗೆ ತನ್ನದೇ ಆದ ಕಿತ್ತಳೆ ರೆಕ್ಕೆಯ ಗೂನುಬೆನ್ನಿನ ಮಹಶೀರ್ ಇದೆ. 2018ರಲ್ಲಿ ಅದು ಅಳಿವಿನ ಅಂಚಿನ ಮೀನುಗಳ ಪಟ್ಟಿಗೆ ಸೇರಿತು. ಕೊಡಗಿನವರ ಅಕ್ಕರೆ ಮೊದಲು ಸಲ್ಲಬೇಕಾದ್ದು ಅದಕ್ಕೆ.

ಟ್ರೌಟ್ ಹಿಡಿಯಲು ಹಿಮಾಚಲಕ್ಕೆ ಹೋಗಲು ಸರಿಯಾದ ಕಾಲ ಯಾವುದು? ಪರವಾನಗಿ ಬೇಕೇ?
– ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ಬೇಕು. ಹಿಮಾಚಲದಲ್ಲಿ ರಾಜ್ಯದ ಮೀನುಗಾರಿಕೆ ಇಲಾಖೆ ದಿನದ ಲೆಕ್ಕದಲ್ಲಿ ಕೊಡುತ್ತದೆ. ಎಷ್ಟು ಮೀನು, ಯಾವ ಅಳತೆಯದನ್ನು ಇಟ್ಟುಕೊಳ್ಳಬಹುದು ಎಂದು ಅಲ್ಲೇ ಕೇಳಿಕೊಳ್ಳಿ. ಗ್ರೇಟ್ ಹಿಮಾಲಯನ್ ರಾಷ್ಟ್ರೀಯ ಉದ್ಯಾನದ ಒಳಗೆ ಗಾಳ ಹಾಕುವಂತಿಲ್ಲ. ಮಾರ್ಚ್‌ನಿಂದ ಮೇ ನಡುವಿನವರೆಗೆ, ಮತ್ತೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವವರೆಗೆ ನೀರು ತಿಳಿಯಾಗಿರುತ್ತದೆ. ನಡುವೆ ಕರಗಿದ ಹಿಮ, ಮಳೆ ಸೇರಿ ಹೊಳೆ ಕೆಂಪೇರುತ್ತದೆ. ನವೆಂಬರ್ 1ರಿಂದ ಫೆಬ್ರವರಿ ಕೊನೆಯವರೆಗೆ ಟ್ರೌಟ್ ಮೊಟ್ಟೆಯಿಡುವ ಕಾಲ, ಆಗ ಮೀನುಗಾರಿಕೆ ಪೂರ್ತಿ ಬಂದ್. ಆ ದಿನಗಳಲ್ಲಿ ಕಣಿವೆಗೆ ಹೋದರೆ ಹೊಳೆಗೆ ಇಳಿಯಲೂಬೇಡಿ. ದಪ್ಪ ಮರಳು, ಸಣ್ಣ ಕಲ್ಲು ಹರಡಿದ ತೆಳುನೀರಿನ ತಳದಲ್ಲೇ ಮೊಟ್ಟೆಗಳು ಹುದುಗಿರುತ್ತವೆ, ಕಾಲಿಟ್ಟರೆ ಒಡೆಯುತ್ತವೆ.