ಕುರ್ಚಿ ಬದಲಾದರೂ ಲೆಕ್ಕ ಬದಲಾಗದಿರಲಿ

☸️ *ದಿನಕ್ಕೊಂದು ಧಮ್ಮ ಚಿಂತನೆ*
ಬೌದ್ಧ ಅಧ್ಯಯನ ಬಳಗ, ಹದಡಿ



ಮೊನ್ನೆ ರಾತ್ರಿ ಉತ್ತರ ಪತ್ರಿಕೆ ತಿದ್ದುತ್ತಾ ಕೂತಿದ್ದಾಗ ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋನ್ ಬಂತು. ನಮ್ಮ ಕಡೆಯ ಹುಡುಗಿಯೇ. ಅಪ್ಪ ಅಮ್ಮ ಭತ್ತದ ಗದ್ದೆಯಲ್ಲಿ ಕೂಲಿ ಮಾಡಿ ಓದಿಸಿದವರು. ದಾವಣಗೆರೆಯಲ್ಲಿ ಬಿ.ಕಾಂ ಮುಗಿಸಿ ಬೆಂಗಳೂರಿನ ಒಂದು ಕಂಪನಿಯ ಫೈನಾನ್ಸ್ ವಿಭಾಗಕ್ಕೆ ಸೇರಿ ಒಂಬತ್ತು ವರ್ಷವಾಯಿತು. ಅವರ ಮನೆತನದಲ್ಲಿ ತಿಂಗಳ ಸಂಬಳ ಕಂಡ ಮೊದಲ ಜೀವ ಅವಳು.

"ಮೇಡಂ, ಮತ್ತೆ ನನ್ನ ಸೆಕ್ಷನ್ ಬದಲು ಮಾಡಿದ್ರು. ಮೊದಲು ಬಿಲ್ ಪಾಸ್ ಮಾಡೋ ಕಡೆ ಇದ್ದೆ. ಆಮೇಲೆ ಜಿಎಸ್‌ಟಿ. ಆಮೇಲೆ ತಿಂಗಳ ಕ್ಲೋಸಿಂಗ್, ಬಜೆಟ್. ಈಗ ಇಂಟರ್ನಲ್ ಆಡಿಟ್‌ಗೆ ಹಾಕ್ಯಾರೆ. ಒಂದು ಕಡೆ ಕೈ ಕುದುರೋ ಹೊತ್ತಿಗೆ ಎತ್ತಿ ಇನ್ನೊಂದು ಕಡೆ ಕೂರಿಸ್ತಾರೆ. ನಾನು ಯಾವ ಕೆಲಸದವಳು ಅಂತ ನನಗೇ ಗೊತ್ತಾಗ್ತಿಲ್ಲ. ಬಿಟ್ಟು ಊರಿಗೆ ಬಂದುಬಿಡ್ಲಾ?"

ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಒಳಗಿನ ಮಾತು ಹೊರಗೆ ಬಂತು. ಮಾರ್ಚ್ ಕೊನೆಯಲ್ಲಿ ಅವಳ ಮೇಲಿನವರು ಒಂದು ದೊಡ್ಡ ಬಿಲ್ ತೋರಿಸಿ, "ಇದನ್ನು ಏಪ್ರಿಲ್‌ಗೆ ಹಾಕು" ಅಂದಿದ್ದರಂತೆ. ಕೆಲಸ ನಡೆದದ್ದು ಮಾರ್ಚ್‌ನಲ್ಲಿ. ಖರ್ಚನ್ನು ಮುಂದಿನ ವರ್ಷಕ್ಕೆ ತಳ್ಳಿದರೆ ಈ ವರ್ಷದ ಲಾಭ ಹೆಚ್ಚಾಗಿ ಕಾಣುತ್ತದೆ. ಇವಳು ಆಗುವುದಿಲ್ಲ ಅಂದಳು. ಎರಡು ತಿಂಗಳಿಗೆ ಈ ಬದಲಾವಣೆ ಬಂತು. ಅದಕ್ಕೇ ಬಂತೋ, ತಾನಾಗಿ ಬಂತೋ, ಅಥವಾ ತನ್ನ ಜಾತಿ ಗೊತ್ತಾಗಿ ಬಂತೋ ಅವಳಿಗೂ ತಿಳಿಯದು. ಮನೆ ಸಾಲವಿದೆ, ತಮ್ಮನ ಕಾಲೇಜು ಫೀಸಿದೆ.

ನಾನು ಕನ್ನಡ ಎಂ.ಎ. ಓದಿದವಳು. ಲೆಕ್ಕ ಅಂದರೆ ನನಗೆ ಗೊತ್ತಿರುವುದು ಶಾಲೆಯ ಬಿಸಿಯೂಟದ ಪುಸ್ತಕ ಅಷ್ಟೇ. ಆದರೆ ಅವಳ ಮಾತು ಕೇಳುತ್ತಿದ್ದಂತೆ ಹಣಕಾಸಿನ ವಿದ್ಯೆಯನ್ನೇ ಹಿಡಿದು ಕುರ್ಚಿಯಿಂದ ಕುರ್ಚಿಗೆ ಹೋದ ಇನ್ನೊಬ್ಬರು ನೆನಪಾದರು. ಅವರು ನಮ್ಮ ಬಾಬಾಸಾಹೇಬರು. ಅವರನ್ನು ಸಂವಿಧಾನ ಶಿಲ್ಪಿ ಎಂದು ದಿನಾ ನೆನೆಯುತ್ತೇವೆ. ಅವರು ಲೆಕ್ಕದ ಮನುಷ್ಯರೂ ಆಗಿದ್ದರು ಎಂಬುದನ್ನು ಇವತ್ತು ನೋಡೋಣ.

*1. ಕುರ್ಚಿ ಕಿತ್ತುಕೊಳ್ಳಬಹುದು, ಕಲಿತದ್ದನ್ನಲ್ಲ*

1917ರಲ್ಲಿ ಬಾಬಾಸಾಹೇಬರು ವಿದೇಶದ ಓದು ಅರ್ಧಕ್ಕೆ ನಿಲ್ಲಿಸಿ ಬರೋಡಕ್ಕೆ ಬಂದರು. ವಿದ್ಯಾರ್ಥಿವೇತನ ಕೊಟ್ಟಿದ್ದ ಸಂಸ್ಥಾನದಲ್ಲಿ ನೌಕರಿ ಮಾಡಬೇಕಿತ್ತು. ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ತರಬೇತಿಯ ಅಧಿಕಾರಿಯಾಗಿ ಕೂತರು. ಉಳಿದುಕೊಳ್ಳಲು ಯಾರೂ ಜಾಗ ಕೊಡಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಇದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಜಾಗ ಖಾಲಿ ಮಾಡಿಸಿದರು. ಉದ್ಯಾನವನದಲ್ಲಿ ಕೂತು ಕಣ್ಣೀರು ಹಾಕಿದ್ದು ಆಗಲೇ.

ಮುಂಬೈಗೆ ಬಂದು ಷೇರು ವ್ಯವಹಾರದ ಸಲಹೆ ಕೊಡುವ ಕಚೇರಿ ತೆರೆದರು. ಸಲಹೆ ಚೆನ್ನಾಗಿಯೇ ಇತ್ತು. ಸಲಹೆಗಾರ ಅಸ್ಪೃಶ್ಯ ಎಂದು ಗೊತ್ತಾದ ಮೇಲೆ ಗಿರಾಕಿಗಳು ಬರುವುದು ನಿಂತಿತು. ಅದೂ ಮುಚ್ಚಿತು.

1918ರಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ತಿಂಗಳಿಗೆ 450 ರೂಪಾಯಿ ಸಂಬಳ. ಅಲ್ಲಿಯೂ ಸಹೋದ್ಯೋಗಿಗಳು ತಮ್ಮ ನೀರಿನ ಪಾತ್ರೆ ಮುಟ್ಟಬಾರದೆಂದು ತಕರಾರು ತೆಗೆದರು. ಆ ಸಂಬಳದಲ್ಲೇ ಉಳಿಸಿ, ಮೇಲೆ ಸಾಲ ಸಹಾಯ ಪಡೆದು 1920ರಲ್ಲಿ ಮತ್ತೆ ಲಂಡನ್‌ಗೆ ಹೋದರು. ರೂಪಾಯಿಯ ಸಮಸ್ಯೆ ಕುರಿತ ಪ್ರಬಂಧ ಬರೆದರು. ಪರೀಕ್ಷಕರು ತಿದ್ದಿ ತರಲು ಹೇಳಿದಾಗ ಬರವಣಿಗೆಯ ಧಾಟಿ ತಿದ್ದಿದರು. ತೀರ್ಮಾನ ಬದಲಿಸಲಿಲ್ಲ. 1923ರಲ್ಲಿ ಡಿ.ಎಸ್ಸಿ. ಬಂತು, ಪುಸ್ತಕವೂ ಅಚ್ಚಾಯಿತು.

ಆರು ವರ್ಷದಲ್ಲಿ ಮೂರು ಕುರ್ಚಿ ಹೋದವು. ವಿದ್ಯೆ ಮಾತ್ರ ಬೆಳೆಯುತ್ತಲೇ ಇತ್ತು.

*2. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ಬುತ್ತಿ*

1925ರಿಂದ 1928ರವರೆಗೆ ಅವರು ಮುಂಬೈನ ಬಾಟ್ಲಿಬಾಯ್ ಅಕೌಂಟೆನ್ಸಿ ತರಬೇತಿ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನು ಕಲಿಸಿದರು. ಲಂಡನ್ನಿನ ಬ್ಯಾರಿಸ್ಟರ್, ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದವರು ಲೆಕ್ಕ ಕಲಿಯುವ ಹುಡುಗರಿಗೆ ಪಾಠ ಹೇಳಿದರು. ಈ ಕೆಲಸ ಸಣ್ಣದು ಅನ್ನಲಿಲ್ಲ.

ಅದೇ 1925ರಲ್ಲಿ ಪ್ರಾಂತಗಳ ಹಣಕಾಸು ಹೇಗೆ ಬೆಳೆಯಿತು ಎಂಬ ಪುಸ್ತಕ ಹೊರಬಂತು. ಡಿಸೆಂಬರ್‌ನಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯ ಹೇಳಿದರು. ರೂಪಾಯಿಯ ಬೆಲೆ ಇಳಿದು ಸಾಮಾನು ತುಟ್ಟಿಯಾದರೆ ಕೂಲಿ ಅಷ್ಟು ಬೇಗ ಏರುವುದಿಲ್ಲ, ಲಾಭ ವ್ಯಾಪಾರಿಗೆ, ನಷ್ಟ ದುಡಿಯುವವನಿಗೆ ಎಂಬುದು ಅವರ ವಾದದ ಒಂದು ಮುಖ್ಯ ಎಳೆ. (ಬಾಬಾಸಾಹೇಬರೇ ರಿಸರ್ವ್ ಬ್ಯಾಂಕ್ ಸ್ಥಾಪಿಸಿದರು ಎಂದು ನಮ್ಮ ಗುಂಪುಗಳಲ್ಲಿ ಓಡಾಡುತ್ತಿರುತ್ತದೆ. ಇದ್ದದ್ದನ್ನು ಇದ್ದಂತೆ ಹೇಳೋಣ. ಆಯೋಗ ಶಿಫಾರಸು ಮಾಡಿತು, ಬ್ಯಾಂಕ್ 1935ರಲ್ಲಿ ಬಂತು. ಆಯೋಗದ ಮುಂದೆ ವಿದ್ವಾಂಸರಾಗಿ ಬಾಬಾಸಾಹೇಬರು ಮಾತಾಡಿದ್ದರು. ಅಷ್ಟೇ ಸಾಕು ಹೆಮ್ಮೆಗೆ.)

1942ರಲ್ಲಿ ವೈಸರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾದಾಗ ಕೂಲಿಯವರ ಈ ಲೆಕ್ಕ ಕೈಯಲ್ಲೇ ಇತ್ತು. ಕಾರ್ಖಾನೆಯ ದುಡಿಮೆಯನ್ನು ವಾರಕ್ಕೆ 54 ಗಂಟೆಯಿಂದ 48ಕ್ಕೆ ಇಳಿಸುವ ಮಸೂದೆಯನ್ನು 1946ರಲ್ಲಿ ತಂದರು. ದಾವಣಗೆರೆಯ ಕಾಟನ್ ಮಿಲ್ಲುಗಳಲ್ಲಿ, ಹರಿಹರದ ಕಾರ್ಖಾನೆಗಳಲ್ಲಿ ದುಡಿದ ಹಿರಿಯರು ಇರುವ ಮನೆಗಳಿಗೆ ಆರು ಗಂಟೆಯ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಕೇಂದ್ರ ಮತ್ತು ಪ್ರಾಂತಗಳ ನಡುವೆ ಹಣ ಹಂಚುವುದು ಹೇಗೆ ಎಂದು 1925ರ ಪುಸ್ತಕದಲ್ಲಿ ಅವರು ಹುಡುಕಿದ ಪ್ರಶ್ನೆಯೇ ಮುಂದೆ ಸಂವಿಧಾನದ 280ನೇ ವಿಧಿಯಾದ ಹಣಕಾಸು ಆಯೋಗದ ಪ್ರಶ್ನೆಯೂ ಹೌದು.

*3. ಲೆಕ್ಕ ನೋಡುವವರು ಯಾರ ಹಂಗಿನಲ್ಲೂ ಇರಬಾರದು*

30 ಮೇ 1949. ಸಂವಿಧಾನ ಸಭೆಯಲ್ಲಿ ಮಹಾಲೆಕ್ಕಪರಿಶೋಧಕರ ಹುದ್ದೆಯ ಚರ್ಚೆ. ಸರ್ಕಾರದ ಖರ್ಚನ್ನು ಪರೀಕ್ಷಿಸುವ ಈ ಅಧಿಕಾರಿ ಬಹುಶಃ ಇಡೀ ಸಂವಿಧಾನದಲ್ಲೇ ಅತಿ ಮುಖ್ಯ ಅಧಿಕಾರಿ ಎಂಬ ಅರ್ಥದ ಮಾತನ್ನು ಬಾಬಾಸಾಹೇಬರು ಅಂದು ಆಡಿದರು. 148ನೇ ವಿಧಿ ಓದಿ ನೋಡಿ. ಸುಪ್ರೀಂ ಕೋರ್ಟ್ ನ್ಯಾಯಾಧೀಶರನ್ನು ತೆಗೆಯುವ ಕ್ರಮದಲ್ಲಲ್ಲದೆ ಇವರನ್ನು ತೆಗೆಯುವಂತಿಲ್ಲ. ನಿವೃತ್ತಿಯಾದ ಮೇಲೆ ಸರ್ಕಾರದ ಬೇರೆ ಹುದ್ದೆ ಹಿಡಿಯುವಂತಿಲ್ಲ. ಅಂದರೆ ಹೆದರಿಕೆಯೂ ಬೇಡ, ಆಸೆಯೂ ಬೇಡ. ಲೆಕ್ಕ ಕೆಡುವುದು ಈ ಎರಡರಿಂದಲೇ ತಾನೆ?

1917ರಲ್ಲಿ ಲೆಕ್ಕದ ಕಚೇರಿಯೊಂದರಲ್ಲಿ ನಿಲ್ಲಲು ಬಿಡದೆ ಓಡಿಸಿದ ಮನುಷ್ಯ, ಮೂವತ್ತೆರಡು ವರ್ಷದ ನಂತರ ಇಡೀ ದೇಶದ ಲೆಕ್ಕ ನೋಡುವವರನ್ನು ಯಾರೂ ಓಡಿಸದ ಹಾಗೆ ಕಾಯುವ ವಿಧಿಯ ಪರವಾಗಿ ನಿಂತಿದ್ದರು. ಇದನ್ನು ಹೇಳಿದಾಗ ಫೋನಿನ ಆ ಕಡೆ ನನ್ನ ವಿದ್ಯಾರ್ಥಿನಿ ಸುಮ್ಮನಾದಳು. ಈಗ ಅವಳಿರುವುದೂ ಆಡಿಟ್‌ನಲ್ಲೇ ಅಲ್ಲವೇ?

*4. ಬೇಕಾದ ಕುರ್ಚಿ ಸಿಗದೆಯೂ ಹೋಗಬಹುದು*

ಇದನ್ನೂ ಮುಚ್ಚಿಡಬಾರದು. ಇಷ್ಟು ಹಣಕಾಸು ಓದಿದವರಿಗೆ ಸ್ವತಂತ್ರ ಭಾರತ ಕೊಟ್ಟದ್ದು ಕಾನೂನು ಖಾತೆ. ಯೋಜನೆಯ ಕೆಲಸ ಬೇಕೆಂದು ಕೇಳಿದ್ದರು, ಸಿಗಲಿಲ್ಲ. ಆ ನೋವನ್ನು 1951ರ ರಾಜೀನಾಮೆಯ ಹೇಳಿಕೆಯಲ್ಲಿ ಅವರೇ ಬಿಚ್ಚಿಟ್ಟಿದ್ದಾರೆ. ಕೊಟ್ಟ ಖಾತೆಯಲ್ಲೇ ಹಿಂದೂ ಕೋಡ್ ಬಿಲ್‌ಗಾಗಿ ದುಡಿದರು. ಅದನ್ನು ಮುಂದಕ್ಕೆ ಹೋಗಲು ಬಿಡದಿದ್ದಾಗ ಎದ್ದು ಬಂದರು. ಇಷ್ಟವಿಲ್ಲದ ಕುರ್ಚಿ ಎಂಬ ಕಾರಣಕ್ಕಲ್ಲ, ಆ ಕುರ್ಚಿಯಲ್ಲಿ ಮಾಡಬೇಕಾದ್ದನ್ನು ಮಾಡಗೊಡದ ಕಾರಣಕ್ಕೆ. ಯಾವಾಗ ಕೂರಬೇಕು, ಯಾವಾಗ ಏಳಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಅಳತೆ ನನಗೆ ಗೊತ್ತಿಲ್ಲ.

*ಧಮ್ಮ ಏನು ಹೇಳುತ್ತದೆ?*

ಅಂಗುತ್ತರ ನಿಕಾಯದಲ್ಲಿ ದೀಘಜಾಣು ಎಂಬ ಕೋಲಿಯ ಗೃಹಸ್ಥ ಭಗವಾನರ ಬಳಿ ಬರುತ್ತಾನೆ. ನಾವು ಹೆಂಡತಿ ಮಕ್ಕಳೊಂದಿಗೆ ಸಂಸಾರ ಮಾಡುವವರು, ದುಡ್ಡು ಕಾಸು ಮುಟ್ಟುವವರು, ನಮಗಾಗುವಂಥದ್ದನ್ನು ಹೇಳಿ ಎನ್ನುತ್ತಾನೆ. ಭಗವಾನರು ಅವನಿಗೆ ದುಡ್ಡು ಬಿಡು ಅನ್ನಲಿಲ್ಲ. ಈ ಲೋಕದ ಹಿತಕ್ಕೆ ನಾಲ್ಕು ಗುಣ ಹೇಳಿದರು.

▪️ *ಉಟ್ಠಾನ:* ಮಾಡುವ ಕೆಲಸ ಯಾವುದಾದರೂ ಅದರಲ್ಲಿ ಶ್ರಮ, ಕೌಶಲ.
▪️ *ಆರಕ್ಖ:* ನ್ಯಾಯವಾಗಿ ಗಳಿಸಿದ್ದನ್ನು ಕಾಪಾಡಿಕೊಳ್ಳುವುದು.
▪️ *ಕಲ್ಯಾಣಮಿತ್ರತೆ:* ಶೀಲವಂತರ, ತಿಳಿದವರ ಸಹವಾಸ.
▪️ *ಸಮಜೀವಿತ:* ಆದಾಯ ನೋಡಿ ಖರ್ಚು. ತಕ್ಕಡಿ ಹಿಡಿದವನು ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ನೋಡುವ ಹಾಗೆ.

ಕೆರೆಯ ಹೋಲಿಕೆಯೂ ಅಲ್ಲಿದೆ. ನೀರು ಬರುವ ದಾರಿ ಮುಚ್ಚಿ, ಹೋಗುವ ದಾರಿ ತೆರೆದಿಟ್ಟರೆ, ಮಳೆಯೂ ಬರದಿದ್ದರೆ ಕೆರೆ ಎಷ್ಟು ದಿನ ಇದ್ದೀತು? ಭದ್ರಾ ನಾಲೆಯ ನೀರು ನಂಬಿದ ನಮಗೆ ಇದು ಬೇಗ ಅರ್ಥವಾಗುತ್ತದೆ. ಸಮಜೀವಿತ ಇಲ್ಲದ ಮನೆಯ ನೌಕರ ಮೇಲಿನವರಿಗೆ "ಆಗುವುದಿಲ್ಲ" ಅನ್ನಲಾರ. ಮುಂದಿನ ತಿಂಗಳ ಕಂತು ಅವನ ಬಾಯಿ ಹಿಡಿದಿರುತ್ತದೆ. ನಾಲ್ಕು ತಿಂಗಳ ಖರ್ಚು ಕೈಯಲ್ಲಿದ್ದವರ ಶೀಲಕ್ಕೆ ಬೆನ್ನೆಲುಬು ಇರುತ್ತದೆ. ಮಕ್ಕಳ ಮದುವೆಗೆ ಅದ್ದೂರಿ ಖರ್ಚು ಮಾಡಿ, ಆ ಸಾಲವನ್ನು ದುಡಿಯುವ ಮಗ ಮಗಳ ತಲೆಗೆ ಕಟ್ಟುವ ತಂದೆ ತಾಯಂದಿರೂ ಇದನ್ನು ಯೋಚಿಸಬೇಕು.

*ಕೊನೆಗೆ ಅವಳಿಗೆ ಹೇಳಿದ್ದು*

"ಅವ್ವಾ, ಒಂಬತ್ತು ವರ್ಷದಲ್ಲಿ ಬಿಲ್ ನೋಡಿದೆ, ತೆರಿಗೆ ನೋಡಿದೆ, ಬಜೆಟ್ ನೋಡಿದೆ. ಒಂದೇ ಕಡೆ ಕೂತಿದ್ದರೆ ಒಂದೇ ಕಿಟಕಿ ಕಾಣುತ್ತಿತ್ತು. ಈಗ ಮನೆಯೇ ಕಾಣುತ್ತಿದೆ. ಕಳ್ಳತನ ಎಲ್ಲಿ ಅಡಗುತ್ತದೆ ಅಂತ ನಾಲ್ಕೂ ಕೋಣೆ ನೋಡಿದವಳಿಗೆ ತಾನೆ ಗೊತ್ತಾಗೋದು?

"ಇನ್ನೊಂದು. ಸಹಿಸಿಕೋ ಅಂತ ನಾನು ಹೇಳ್ತಿಲ್ಲ. ಬಾಬಾಸಾಹೇಬರು ಬರೋಡದ ಅವಮಾನವನ್ನು ನುಂಗಿ ಸುಮ್ಮನಾಗಲಿಲ್ಲ, 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿಟ್ಟರು. ನೀನು ಲೆಕ್ಕದವಳು. ಯಾರು, ಯಾವತ್ತು, ಏನು ಹೇಳಿದರು ಎಂದು ತಾರೀಖು ಹಾಕಿ ಬರೆದಿಡು. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಇಂಥದ್ದನ್ನು ತಿಳಿಸಲು ಒಂದು ವ್ಯವಸ್ಥೆ ಇರಲೇಬೇಕು ಎಂದು 2013ರ ಕಂಪನಿ ಕಾಯ್ದೆ ಹೇಳುತ್ತದೆ. ಅದು ನಿಮ್ಮಲ್ಲಿ ಹೇಗಿದೆ ಅಂತ ಮೊದಲು ತಿಳ್ಕೋ."

ಅವಳು ಸ್ವಲ್ಪ ಹೊತ್ತು ಬಿಟ್ಟು ಅಂದಳು, "ಆರು ತಿಂಗಳು ಇಲ್ಲೇ ಇದ್ದು ಆಡಿಟ್ ಕಲಿತೀನಿ ಮೇಡಂ. ಆಮೇಲೂ ತಪ್ಪು ಲೆಕ್ಕಕ್ಕೆ ಸಹಿ ಹಾಕು ಅಂದ್ರೆ ಬೇರೆ ಕಡೆ ನೋಡ್ತೀನಿ. ಸಹಿ ಮಾತ್ರ ಹಾಕಲ್ಲ."

ಮುಂದೆ ಏನಾಗುತ್ತದೋ ಗೊತ್ತಿಲ್ಲ. ಅವಳ ಅಪ್ಪ ಅಮ್ಮನಿಗೆ ಸಹಿ ಹಾಕಲು ಬರುವುದಿಲ್ಲ, ಹೆಬ್ಬೆಟ್ಟು ಒತ್ತುತ್ತಾರೆ. ಅವರ ಮಗಳ ಸಹಿಗೆ ಇವತ್ತು ಇಷ್ಟು ತೂಕ ಬಂದಿದೆ.

*ಇಂದಿನ ಅಭ್ಯಾಸ*

1️⃣ ಇವತ್ತು ರಾತ್ರಿ ಮನೆಯವರೆಲ್ಲ ಕೂತು ಈ ತಿಂಗಳ ಆದಾಯ, ಖರ್ಚು ಒಂದು ಹಾಳೆಯಲ್ಲಿ ಬರೆಯಿರಿ. ಬರುವ ದಾರಿ ಎಷ್ಟು, ಹೋಗುವ ದಾರಿ ಎಷ್ಟು ಎಂದು ಎಣಿಸಿ.
2️⃣ ನಿಮ್ಮ ಕೆಲಸದಲ್ಲಿ ಕಳೆದ ಬದಲಾವಣೆಯಿಂದ ಕಲಿತ ಒಂದು ವಿಷಯವನ್ನು ಮಕ್ಕಳಿಗೆ ಹೇಳಿ.
3️⃣ ಕಂಪನಿಗಳಲ್ಲಿ, ಬ್ಯಾಂಕುಗಳಲ್ಲಿ ದುಡಿಯುವ ನಮ್ಮ ಯುವಕ ಯುವತಿಯರಿಗೆ ಇವತ್ತು ಒಂದು ಫೋನ್ ಮಾಡಿ. ಸಂಬಳ ಎಷ್ಟು ಅಂತ ಕೇಳಬೇಡಿ, ಹೇಗಿದ್ದೀಯಾ ಅಂತ ಕೇಳಿ. ಕಲ್ಯಾಣಮಿತ್ರತೆ ಅಲ್ಲಿಂದ ಶುರು.

ಭಾನುವಾರದ ವಂದನೆಯ ನಂತರ ಈ ವಿಷಯ ಚರ್ಚಿಸೋಣ. ಬಿ.ಕಾಂ ಓದುತ್ತಿರುವ ಮಕ್ಕಳನ್ನು ತಪ್ಪದೆ ಕರೆತನ್ನಿ.

ಭವತು ಸಬ್ಬ ಮಂಗಲಂ 🙏
ಜೈಭೀಮ್